ಶಂಕರಿ ತೋರಿಸುತ್ತಿದ್ದ ಊರು

ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಯಾವ ಮನೆಯಲ್ಲಾದರೂ ದೊಡ್ಡ ಕಾಯಿಲೆಯ ಸಂಶಯ ಎದ್ದಿತೆಂದರೆ, ಡಾಕ್ಟರರ ಚೀಟಿಯ ಜೊತೆಗೆ ಒಂದು ಫೋನ್ ನಂಬರೂ ಕೈಯಿಂದ ಕೈಗೆ ಹೋಗುತ್ತಿತ್ತು. ಅದು ತಿರುವನಂತಪುರದ ಪಟ್ಟಂನಲ್ಲಿರುವ ಶಂಕರಿಯ ಮನೆಯ ನಂಬರು. "ಹೆದರ್ಬೇಡಿ, ಅಲ್ಲಿ ಶಂಕರಿ ಇದ್ದಾಳೆ" ಎಂದು ಒಬ್ಬರು ಇನ್ನೊಬ್ಬರಿಗೆ ಧೈರ್ಯ ಹೇಳುತ್ತಿದ್ದರು.

ಶಂಕರಿ ಡಾಕ್ಟರಲ್ಲ, ನರ್ಸೂ ಅಲ್ಲ. ಕಾಸರಗೋಡಿನ ನೀರ್ಚಾಲಿನವಳು. ಗಂಡ ತಿರುಮಲೇಶ್ವರನಿಗೆ ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಕೆಲಸವಿದ್ದುದರಿಂದ ಇಪ್ಪತ್ತೆರಡನೆಯ ವಯಸ್ಸಿಗೆ ರೈಲು ಹತ್ತಿ ಬಂದಿದ್ದಳು. ಕನ್ನಡ ಶಾಲೆಯಲ್ಲಿ ಓದಿದ ಅವಳಿಗೆ ಆಗ ಮಲಯಾಳ ಓದಲು ಬರುತ್ತಿರಲಿಲ್ಲ. ಕಾಸರಗೋಡಿನಲ್ಲಿ ಕಿವಿಗೆ ಬಿದ್ದ ಮಲಯಾಳಕ್ಕೂ ಈ ತೆಂಕಣ ಸೀಮೆಯ ಮಲಯಾಳಕ್ಕೂ ಅಜಗಜಾಂತರ. ಅವಳು ಭಾಷೆ ಕಲಿತದ್ದು ಮೆಡಿಕಲ್ ಕಾಲೇಜಿನ ಬಳಿಯ ದೊಡ್ಡ ಆಸ್ಪತ್ರೆಯ ಸಾಲುಗಳಲ್ಲಿ. ಮೊದಲು ಗಂಡನ ದೊಡ್ಡಪ್ಪ ಬಂದರು. ಅವರ ಹಿಂದೆ ದೊಡ್ಡಪ್ಪನ ಹೆಂಡತಿಯ ತಂಗಿ, ಆಮೇಲೆ ಆ ತಂಗಿಯ ನೆರೆಮನೆಯವರು. ಬೆಳಿಗ್ಗೆ ತಂಪಾನೂರ್ ಸ್ಟೇಷನ್ನಿನಲ್ಲಿ ಇಳಿದವರು ನೇರ ಪಟ್ಟಂಗೆ ಬರುವರು, ಮುಂದಿನ ಕೋಣೆಯಲ್ಲಿ ಚಾಪೆ ಬಿಚ್ಚುವುದು, ಕುಚ್ಚಲಕ್ಕಿ ಗಂಜಿಗೆ ಇನ್ನೊಂದು ಪಾವು ಅಕ್ಕಿ ಬೀಳುವುದು. ಡಾಕ್ಟರು ಹೇಳಿದ್ದನ್ನು ಕನ್ನಡದಲ್ಲಿ ಹೇಳುವವಳೂ, ಇವರು ಹೇಳಿದ್ದನ್ನು ಮಲಯಾಳದಲ್ಲಿ ಹೇಳುವವಳೂ ಶಂಕರಿಯೇ.

ಬಂದವರಲ್ಲಿ ಹೆಚ್ಚಿನವರಿಗೆ ತಾವು ಯಾಕೆ ಬಂದೆವೆಂದು ಗೊತ್ತಿರುತ್ತಿರಲಿಲ್ಲ. ರೋಗದ ಹೆಸರು ರೋಗಿಯ ಕಿವಿಗೆ ಬೀಳಬಾರದು, ಬಿದ್ದರೆ ಅರ್ಧ ಜೀವ ಅಲ್ಲೇ ಹೋದೀತು ಎಂದು ಮಕ್ಕಳು ಹೆದರುತ್ತಿದ್ದರು. ಹಾಗಾಗಿ ಮನೆಯಿಂದ ಹೊರಡಿಸುವಾಗ "ಒಮ್ಮೆ ತಿರುವನಂತಪುರ ನೋಡಿಕೊಂಡು ಬರುವ" ಎಂದು ಹೇಳಿರುತ್ತಿದ್ದರು. ಹೇಳಿದ ಮೇಲೆ ತೋರಿಸಬೇಕಲ್ಲ? ಶಂಕರಿ ತೋರಿಸುತ್ತಿದ್ದಳು. ಶನಿವಾರ ಝೂ, ಮ್ಯೂಸಿಯಂ. ಸಂಜೆ ಶಂಖುಮುಖದ ಕಡಲು. ಭಾನುವಾರ ಪದ್ಮನಾಭ ಸ್ವಾಮಿಯ ದರ್ಶನ. ಅದು ಮುಗಿದ ಮೇಲೆ, ಎಲ್ಲರೂ ಒಂದಿಷ್ಟು ದಣಿದು ಒಂದಿಷ್ಟು ಹಗುರಾಗಿ ಕುಳಿತಿದ್ದಾಗ, ಅವಳೇ ಮಾತು ತೆಗೆಯುತ್ತಿದ್ದಳು: "ಹೇಗೂ ಇಲ್ಲಿವರೆಗೆ ಬಂದಾಯ್ತಲ್ಲ, ಸೋಮವಾರ ಒಂದು ಚೆಕಪ್ ಮಾಡಿಸಿಬಿಡುವ."

ಮಗಳು ಅನನ್ಯ ಈ ಮಾತು ಕೇಳುತ್ತಲೇ ಬೆಳೆದಳು. ಬಂದವರೆಲ್ಲ ನೆಂಟರು, ನೆಂಟರು ಬಂದರೆ ಝೂಗೆ ಹೋಗಲಿಕ್ಕುಂಟು ಎಂದಷ್ಟೇ ಅವಳ ಬಾಲ್ಯದ ತಿಳಿವಳಿಕೆ. ಅವರಲ್ಲಿ ಕೆಲವರು ಮತ್ತೆ ಬರಲೇ ಇಲ್ಲ ಏಕೆ ಎಂದು ಹದಿನಾಲ್ಕು ವರ್ಷವಾದ ಮೇಲೆ ಅರ್ಥವಾಯಿತು. ಈಗ ಅವಳಿಗೆ ಮೂವತ್ತೆರಡು. ಗಂಡ ಗುರುಕಿರಣ್ ಕೊಚ್ಚಿಯ ಬಂದರಿನಲ್ಲಿ ಕೆಲಸದಲ್ಲಿದ್ದಾನೆ. ವಿಲ್ಲಿಂಗ್ಡನ್ ಐಲ್ಯಾಂಡಿನ ಕ್ವಾರ್ಟರ್ಸಿನಲ್ಲಿ ವಾಸ. ನಾಲ್ಕು ವರ್ಷದ ಮಗ ಚಿನ್ಮಯ. ಅವನು ಎರಡು ಸಲ ಕೆಮ್ಮಿದರೆ ಥರ್ಮಾಮೀಟರು ಹೊರಗೆ ಬರುತ್ತದೆ, ಮೂರನೆಯ ಕೆಮ್ಮಿಗೆ ಅವಳು ಮಕ್ಕಳ ಡಾಕ್ಟರಿಗೆ ಫೋನು ಮಾಡಿರುತ್ತಾಳೆ. "ನೀನು ಹೆದರುವ ಸ್ಪೀಡಿಗೆ ಯಾವ ರೋಗವೂ ಬರ್ಲಿಕ್ಕಿಲ್ಲ" ಎಂದು ಗುರುಕಿರಣ್ ತಮಾಷೆ ಮಾಡುವುದುಂಟು.

ಆ ಬುಧವಾರ ಬಂದ ಫೋನು ಮಗುವಿನ ಡಾಕ್ಟರದ್ದಾಗಿರಲಿಲ್ಲ. ಹಿಂದಿನ ತಿಂಗಳು ಶಂಕರಿ ಮಗಳ ಮನೆಗೆ ಬಂದಿದ್ದಾಗ ಊಟ ಸೇರುವುದಿಲ್ಲ, ಹೊಟ್ಟೆ ಉರಿ ಎಂದಿದ್ದಳು. ಅನನ್ಯ ಬಿಡದೆ ಎರ್ನಾಕುಳಂಗೆ ಕರೆದುಕೊಂಡು ಹೋಗಿ ಎಂಡೋಸ್ಕೋಪಿ ಮಾಡಿಸಿದ್ದಳು. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು. ಅದರ ಫಲಿತಾಂಶವನ್ನು ಡಾಕ್ಟರು ಮೆಲ್ಲಗೆ, ಬಿಡಿಸಿ ಬಿಡಿಸಿ ಹೇಳಿದರು. ಹೊಟ್ಟೆಯಲ್ಲಿರುವುದು ಕ್ಯಾನ್ಸರ್. ತಡಮಾಡದೆ ತಿರುವನಂತಪುರದಲ್ಲೇ ತೋರಿಸಿ, ಸೋಮವಾರ ಬೆಳಿಗ್ಗೆಯೇ ಹೋಗಿ ಎಂದರು.

ಅನನ್ಯ ಅಡುಗೆಮನೆಯ ಬಾಗಿಲು ಹಾಕಿಕೊಂಡು ಅಪ್ಪನಿಗೆ ಫೋನು ಮಾಡಿದಳು.

"ಅಪ್ಪ, ಅಮ್ಮ ಹತ್ರ ಇದ್ದಾಳಾ?"

"ಇಲ್ಲ, ಟೆರೇಸಿಗೆ ಬಟ್ಟೆ ಹಾಕ್ಲಿಕ್ಕೆ ಹೋಗಿದ್ದಾಳೆ. ಎಂತ?"

ಅವಳು ಹೇಳಿದಳು. ಆ ಕಡೆ ಕುರ್ಚಿ ಎಳೆದ ಸದ್ದಾಯಿತು.

"ಅಪ್ಪ?"

"ಇದ್ದೇನೆ. ಅವಳಿಗೆ ಯಾರು ಹೇಳುದು?"

"ನೀವು."

"ನನ್ನಿಂದಾಗ್ಲಿಕ್ಕಿಲ್ಲ ಮಗಳೇ. ನೀನು ಬಾ. ಎರಡು ದಿನ ಎಲ್ಲಾದ್ರೂ ಸುತ್ತುವ, ನಾವು ಈ ಊರನ್ನು ಸರಿಯಾಗಿ ನೋಡಿದ್ದೇ ಇಲ್ಲ. ಅವಳ ಮನಸ್ಸು ಸ್ವಲ್ಪ ಹಗುರ ಆದ್ಮೇಲೆ ಹೇಳಿದ್ರಾಯ್ತು."

"ಆಯ್ತು ಅಪ್ಪ. ಹಾಗೇ ಮಾಡುವ" ಎಂದಳು ಅನನ್ಯ. ಈ ಉಪಾಯ ಎಲ್ಲಿಂದ ಹೊಳೆಯಿತೆಂದು ಇಬ್ಬರೂ ಯೋಚಿಸಲಿಲ್ಲ. ಇಂಥ ಸುದ್ದಿ ಬಂದಾಗ ಏನು ಮಾಡಬೇಕೆಂದು ಆ ಮನೆಯಲ್ಲಿ ಗೊತ್ತಿದ್ದದ್ದು ಅದೊಂದೇ.

ಶುಕ್ರವಾರ ಮಧ್ಯಾಹ್ನದ ರೈಲಿನಲ್ಲಿ ಅವಳು ಮಗನನ್ನು ಕಟ್ಟಿಕೊಂಡು ಹೊರಟಳು. ಚೀಲದಲ್ಲಿ ಕಾದಾರಿದ ನೀರು, ಜ್ವರದ ಸಿರಪ್ಪು, ಎರಡು ಟೋಪಿ. ಫೋನಿನಲ್ಲಿ ರಿಪೋರ್ಟು. ಕಿಟಕಿಯ ಕಂಬಿಯನ್ನು ಒರೆಸಿ, ಮಗುವಿನ ಕೈ ಒರೆಸಿ, ಮತ್ತೆ ಕಂಬಿ ಒರೆಸಿ, ಆಲಪ್ಪುಳ ದಾಟುವಷ್ಟರಲ್ಲಿ ಒರೆಸಲು ಏನೂ ಉಳಿಯಲಿಲ್ಲ. ಆಮೇಲೆ ಅಮ್ಮನಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹೇಳಿ ನೋಡಿದಳು. ಪ್ರತಿಸಲವೂ ಎರಡನೆಯ ವಾಕ್ಯಕ್ಕೆ ಬಂದು ನಿಲ್ಲುತ್ತಿತ್ತು.

ಪಟ್ಟಂನ ಮನೆಯಲ್ಲಿ ಶಂಕರಿ ನೀರುದೋಸೆ ಹೊಯ್ಯುತ್ತಿದ್ದಳು. ಮೊದಲಿಗಿಂತ ಸಣ್ಣಗಾಗಿದ್ದಳು; ರವಕೆಯ ತೋಳು ಸಡಿಲವಾಗಿ ನೇತಾಡುತ್ತಿತ್ತು.

"ಅಮ್ಮ, ಈ ಸಲ ನಾವೆಲ್ಲ ಟೂರಿಸ್ಟುಗಳು" ಎಂದಳು ಅನನ್ಯ. ಧ್ವನಿ ತನಗೇ ಅತಿಯಾಯಿತೆನಿಸಿತು. "ಇಷ್ಟು ವರ್ಷ ಇದ್ದೂ ನಾವು ನಮಗೇ ಅಂತ ಈ ಊರನ್ನು ನೋಡ್ಲಿಲ್ಲ. ರಜೆ ಸಿಕ್ಕಿದ್ರೆ ನೀರ್ಚಾಲಿಗೆ ಓಡುದೇ ಆಯ್ತು."

ಶಂಕರಿ ಕಾವಲಿಯಿಂದ ಕಣ್ಣೆತ್ತಿ ಮಗಳನ್ನು ನೋಡಿದಳು. "ಎಲ್ಲಿಗೆಲ್ಲ?"

"ನಾಳೆ ಝೂ, ಮ್ಯೂಸಿಯಂ. ಸಂಜೆ ಶಂಖುಮುಖ."

"ನಾಡಿದ್ದು?"

"ದೇವಸ್ಥಾನ."

"ಸೋಮವಾರ?"

"ಸೋಮವಾರ... ನೋಡುವ."

"ಆಯ್ತು" ಎಂದು ಶಂಕರಿ ದೋಸೆ ಮಡಚಿ ತೆಗೆದಳು. "ಮಗುವಿಗೆ ಬಿಸಿ ಇರುವಾಗ್ಲೇ ಕೊಡು."

ಮಾರನೆಯ ಬೆಳಿಗ್ಗೆ ಝೂದ ಗೇಟಿನಲ್ಲಿ ತಿರುಮಲೇಶ್ವರ ಅರವತ್ತಾರರಲ್ಲೂ ಹುರುಪಿನಿಂದ ಎಲ್ಲರಿಗಿಂತ ಮುಂದಿದ್ದ. ಕಡಲೆ ಕೊಂಡ, ಮೊಬೈಲಿನಲ್ಲಿ ಫೋಟೋ ತೆಗೆದ, ಯಾರೂ ಕೇಳದಿದ್ದರೂ ಮರಗಳ ಹೆಸರು ಓದಿ ಹೇಳಿದ. "ಮೂವತ್ತು ಚಿಲ್ಲರೆ ವರ್ಷ ಇದೇ ಗೇಟಿನೆದುರು ಬಸ್ಸಲ್ಲಿ ಹೋದೆ ನೋಡು. ಒಂದು ದಿನ ಇಳೀಲಿಲ್ಲ!"

"ನೀವು ಇಳಿದಿದ್ರೆ ಆ ದಿನ ಆಫೀಸು ಬಿದ್ದು ಹೋಗ್ತಿತ್ತಲ್ವಾ" ಎಂದಳು ಶಂಕರಿ.

ಒಳಗೆ ಅವಳೇ ದಾರಿ ತೋರಿಸಿದಳು. "ಆ ಕಡೆ ಬೇಡ, ಮೆಟ್ಟಿಲು ಜಾಸ್ತಿ. ಹೀಗೆ ಬನ್ನಿ, ಇಳಿಜಾರು ಮೆಲ್ಲಗೆ ಉಂಟು." ಎಲ್ಲಿ ನೆರಳು, ಎಲ್ಲಿ ಬೆಂಚು, ಎಲ್ಲಿ ನೀರು, ಸುಸ್ತಾದವರನ್ನು ಯಾವ ಗೇಟಿನಿಂದ ಬೇಗ ಹೊರಗೆ ಕರೆದೊಯ್ಯಬಹುದು, ಎಲ್ಲ ಅವಳಿಗೆ ಬಾಯಿಪಾಠ. ಆರೋಗ್ಯವಂತರ ಝೂ ಹೇಗಿರುತ್ತದೆಂದು ಅಮ್ಮನಿಗೆ ಗೊತ್ತೇ ಇಲ್ಲವಲ್ಲ ಎಂದು ಅನನ್ಯಳಿಗೆ ಥಟ್ಟನೆ ಅನಿಸಿತು. ಅಮ್ಮ ಎಲ್ಲಿ ನಿಲ್ಲುತ್ತಾಳೆ, ಎಷ್ಟು ಉಸಿರೆಳೆಯುತ್ತಾಳೆ ಎಂದು ಕದ್ದು ನೋಡುತ್ತಲೇ, ಚಿನ್ಮಯನ ಟೋಪಿಯನ್ನು ನೂರನೆಯ ಸಲ ಸರಿಮಾಡಿದಳು.

ನೀರಾನೆ ಕೊಳದಿಂದ ತಲೆಯೆತ್ತಿ ಬಾಯಿ ತೆರೆದಾಗ ಚಿನ್ಮಯ ಅಜ್ಜಿಯ ಸೆರಗು ಜಗ್ಗಿದ. "ಅಮ್ಮಮ್ಮೇ, ನೋಕ್ಕ್! ಎಂದೊರು ವಲಿಯ ವಾಯ!" ಅವನಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಬಾಯಿಂದ ಬರುವುದು ಮಾತ್ರ ಮಲಯಾಳ.

"ಹೌದು ಮಗಾ, ಎಷ್ಟು ದೊಡ್ಡ ಬಾಯಿ!" ಎಂದಳು ಶಂಕರಿ. "ಅಷ್ಟು ದೊಡ್ಡ ಬಾಯಿ ಇದ್ರೂ ಒಂದು ಮಾತಾಡುದಿಲ್ಲ ನೋಡು. ನಿನ್ನ ಅಮ್ಮನ ಹಾಗೆ."

ತಿರುಮಲೇಶ್ವರ ಕಡಲೆಯ ಪೊಟ್ಟಣದೊಳಗೆ ಇಣುಕಿದ. ಅನನ್ಯ ನಕ್ಕಳು, ನಗು ಅರ್ಧಕ್ಕೇ ನಿಂತಿತು.

ಮ್ಯೂಸಿಯಮ್ಮಿನಲ್ಲಿ ಮಗು ರಚ್ಚೆ ಹಿಡಿದದ್ದರಿಂದ ಹತ್ತು ನಿಮಿಷಕ್ಕೇ ಹೊರಗೆ ಬಂದರು. ಮಧ್ಯಾಹ್ನ ಹೋಟೆಲಿನ ಬಾಳೆಲೆಯ ಮುಂದೆ ಕುಳಿತಾಗ ಶಂಕರಿ ಮೊಸರನ್ನಕ್ಕೆ ಬೆರಳು ಹಾಕಿ ಮೂರು ತುತ್ತಿಗೇ ಎಲೆ ಮಡಚಿದಳು. ಹೇಳಿಬಿಡಲೇ ಎಂದು ಅನನ್ಯ ಬಾಯಿ ತೆರೆದಳು. ಬಡಿಸುವವನು ಪಾಯಸ ತಂದ. ಬಾಡಿಗೆ ಕಾರಿನಲ್ಲಿ ಹೇಳೋಣವೆಂದರೆ ಮಗು ಮಡಿಲಲ್ಲಿ ನಿದ್ದೆ ಹೋಗಿತ್ತು. ಹೇಳದಿರಲು ಏನಾದರೊಂದು ಕಾರಣ ಸಿಗುತ್ತಲೇ ಇತ್ತು. ಸಿಕ್ಕಿದಾಗಲೆಲ್ಲ ಒಂದು ಕ್ಷಣ ಹಾಯೆನಿಸುತ್ತಿತ್ತು.

ಶಂಖುಮುಖದಲ್ಲಿ ಸಂಜೆಯ ಬಿಸಿಲು ಇನ್ನೂ ಇತ್ತು. ಕಡಲು ಕೊರೆದು ತಿಂದ ರಸ್ತೆಯನ್ನು ಮತ್ತೆ ಕಟ್ಟಿದ್ದರು. ತಿರುಮಲೇಶ್ವರ ಮಗಳ ಮುಖ ನೋಡಿದ. "ಬಾ ಮಾರಾಯ, ನಾವು ನೀರಿಗೆ ಕಾಲು ಹಾಕುವ" ಎಂದು ಚಿನ್ಮಯನ ಕೈ ಹಿಡಿದು ಹೊರಟೇಬಿಟ್ಟ.

"ಅಪ್ಪ, ಅಲೆಯ ಹತ್ರ ಬೇಡ! ಕೈ ಬಿಡ್ಬೇಡಿ!" ಎಂದು ಅನನ್ಯ ಕೂಗಿದಳು. ಅವರು ನಿಂತದ್ದು ಅಲೆಯಿಂದ ಎಷ್ಟೋ ಈಚೆಗೆ.

ಶಂಕರಿ ಕಲ್ಲುಕಟ್ಟೆಯ ಮೇಲೆ ಕುಳಿತಿದ್ದಳು. ಅನನ್ಯ ಪಕ್ಕದಲ್ಲಿ ಕುಳಿತಳು.

"ಅಮ್ಮ..."

"ಇನ್ನು ನೀನು ಹೇಳ್ಲಿಕ್ಕುಂಟು" ಎಂದಳು ಶಂಕರಿ, ಕಡಲನ್ನೇ ನೋಡುತ್ತ. "ಹೇಗೂ ಮೊನ್ನೆಯಿಂದ ಹೊಟ್ಟೆ ಸರಿ ಇಲ್ಲ, ಸೋಮವಾರ ಒಂದು ಚೆಕಪ್ ಮಾಡಿಸಿಬಿಡುವ ಅಂತ. ಅಲ್ವಾ?"

ಅನನ್ಯ ಅಮ್ಮನ ಕಡೆಗೆ ತಿರುಗಿದಳು.

"ನಾಳೆ ದೇವಸ್ಥಾನದಿಂದ ಬಂದ್ಮೇಲೆ ಹೇಳುವ ಮಾತು ಅದು. ನೀನು ಒಂದು ದಿನ ಮೊದಲೇ ಹೊರಟದ್ದು. ನಿನಗೆ ತಾಳ್ಮೆ ಕಮ್ಮಿ."

"ನಿನಗೆ ಗೊತ್ತಿತ್ತಾ?"

"ಚೂರು ತೆಗೆದದ್ದು ನನ್ನ ಹೊಟ್ಟೆಯಿಂದ ಅಲ್ವಾ ಮಾರಾಯ್ತಿ? ಅದು ಎಂತಕ್ಕೆ ತೆಗೀತಾರೆ ಅಂತ ನಾನು ಎಷ್ಟು ಜನಕ್ಕೆ ಕನ್ನಡದಲ್ಲಿ ಸುಳ್ಳು ಹೇಳಿದ್ದೇನೆ! 'ಗ್ಯಾಸಾ ಅಂತ ನೋಡ್ಲಿಕ್ಕೆ' ಅಂತ. ಮತ್ತೆ ನಿನ್ನೆ ನೀನು ಝೂ, ಶಂಖುಮುಖ ಅಂತ ಸಾಲಾಗಿ ಹೇಳುವಾಗ..."

"ಹಾಗಾದ್ರೆ ನೀನೇ ಯಾಕೆ ಕೇಳ್ಲಿಲ್ಲ?"

"ನೀನು ಹೇಳ್ತೀಯಾ ಅಂತ ನೋಡ್ತಿದ್ದೆ. ನಾನು ಯಾರಿಗೂ ಹೇಳಿದವಳಲ್ಲ. ನನಗಾದ್ರೂ ಯಾರಾದ್ರೂ ಹೇಳ್ತಾರಾ ಅಂತ."

ಕೆಳಗೆ ಚಿನ್ಮಯ ಓಡಿದ, ಅಜ್ಜ ಹಿಂದೆ ಓಡಿದ. ಈ ಸಲ ಅನನ್ಯ ಕೂಗಲಿಲ್ಲ.

"ಪೆರ್ಲದ ನಿತ್ಯಾನಂದ ಮಾಸ್ಟ್ರ ನೆನಪುಂಟಾ ನಿನಗೆ?" ಎಂದಳು ಶಂಕರಿ. "ಹೆಡ್ಮಾಸ್ಟ್ರು. ನಿನಗೆ ಹನ್ನೊಂದು ವರ್ಷ ಆಗ."

ನೆನಪಿತ್ತು. ಝೂದಲ್ಲಿ ಪ್ರತಿಯೊಂದು ಪ್ರಾಣಿಯ ಮುಂದೆ ನಿಂತು ಅದರ ಸ್ಪೆಲ್ಲಿಂಗು ಕೇಳುತ್ತಿದ್ದ ಉದ್ದನೆಯ ಮನುಷ್ಯ.

"ಅವರನ್ನೂ ಇಲ್ಲಿಗೇ ಕರ್ಕೊಂಡು ಬಂದಿದ್ದೆ. ಮಗ ಚಾ ತರ್ಲಿಕ್ಕೆ ಹೋದಾಗ ನನ್ನತ್ರ ಹೇಳಿದ್ರು. 'ಶಂಕರಮ್ಮ, ನಾಳೆ ನೀವು ಚೆಕಪ್ಪಿನ ಸುದ್ದಿ ತೆಗೀತೀರಿ. ನಾನು ಏನೂ ಗೊತ್ತಿಲ್ಲದವನ ಹಾಗೆ ಆಗಬಹುದು ಅಂತೇನೆ. ಮಗ ಪಾಪ, ಕಷ್ಟಪಟ್ಟು ಮುಚ್ಚಿಟ್ಟಿದ್ದಾನೆ. ನೀವು ಅವನಿಗೆ ಹೇಳ್ಬೇಡಿ' ಅಂತ. ನಾನು ಯಾರಿಗೂ ಹೇಳ್ಲಿಲ್ಲ. ಮಾಸ್ಟ್ರು ತೀರಿಹೋಗುವವರೆಗೂ ಮಗ ಅಪ್ಪನಿಂದ ಮುಚ್ಚಿಟ್ಟ, ಅಪ್ಪ ಮಗನಿಂದ ಮುಚ್ಚಿಟ್ರು. ನಡುವೆ ನಾನು. ಇಬ್ಬರೂ ಒಂದು ಸಲ ಕೂತು ಅಳ್ಲಿಕ್ಕೂ ಇಲ್ಲ."

"ಆಮೇಲೂ ನೀನು ಜನರನ್ನು ಹೀಗೇ ಕರ್ಕೊಂಡು ಬರ್ತಿದ್ದೆಯಲ್ಲ ಅಮ್ಮ."

ಕೇಳಿದ ಮೇಲೆ ಕೇಳಬಾರದಿತ್ತೆನಿಸಿತು. ಶಂಕರಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

"ಬರ್ತಿದ್ದೆ. ಮಕ್ಕಳು ಕೈ ಮುಗೀತಿದ್ರು, ಹೇಳಿದ್ರೆ ನಾನೇ ಕೊಂದ ಹಾಗೆ ಅನ್ನುವ ಹಾಗೆ ನೋಡ್ತಿದ್ರು. ಮತ್ತೆ, ನನಗೂ ಸುಲಭ ಇತ್ತು. ಆನೆ ತೋರಿಸುದು, ಕಡಲು ತೋರಿಸುದು. ಹೇಳುದಕ್ಕಿಂತ ಅದು ಎಷ್ಟೋ ಸುಲಭ. ಅದರಲ್ಲಿ ಎಷ್ಟು ಜನ ಮಾಸ್ಟ್ರ ಹಾಗೆ ಗೊತ್ತಿದ್ದೂ ಸುಮ್ಮನೆ ಆನೆ ನೋಡಿದ್ರೋ ಏನೋ." ಆಮೇಲೆ ಕೈ ಚಾಚಿದಳು. "ರಿಪೋರ್ಟು ತೋರ್ಸು."

ಅನನ್ಯ ಫೋನು ಕೊಟ್ಟಳು. ಶಂಕರಿ ಕನ್ನಡಕ ಹಾಕಿ, ಬಿಸಿಲಿಗೆ ಅಂಗೈ ಅಡ್ಡ ಹಿಡಿದು ಓದಿದಳು. ಕಾದಂಬರಿಯ ಇಂಗ್ಲಿಷು ಅವಳಿಗೆ ಬಾರದು. ಈ ಇಂಗ್ಲಿಷು ಡಾಕ್ಟರರಷ್ಟೇ ಬರುತ್ತಿತ್ತು. ಒಂದು ಕಡೆ ಬೆರಳು ನಿಂತಿತು, ಮತ್ತೆ ಮುಂದೆ ಹೋಯಿತು.

"ಎಷ್ಟು ಹರಡಿದೆ ಅಂತ ಇದರಲ್ಲಿಲ್ಲ. ಸಿ.ಟಿ. ಆದ್ಮೇಲೆ ಗೊತ್ತಾಗುದು." ಫೋನು ಹಿಂದಕ್ಕೆ ಕೊಟ್ಟಳು. "ನನಗೂ ಹೆದರಿಕೆ ಉಂಟು ಅನು. ಇಲ್ಲ ಅಂತ ನಾನು ಹೇಳುದಿಲ್ಲ."

ಅನನ್ಯ ಅಮ್ಮನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ತಾರೀಕು ಬುಧವಾರದ್ದು. ಅವತ್ತಿಂದ ಇದನ್ನು ಹೊತ್ಕೊಂಡು ತಿರುಗಿದ್ದೀಯಾ? ನಿದ್ದೆ ಮಾಡಿದ್ದೀಯಾ ನೀನು?" ಎಂದು ಶಂಕರಿ ಕೇಳಿದಳು.

ಅಷ್ಟು ಕೇಳಿದ್ದೇ ಸಾಕಾಯಿತು. ರೈಲಿನಲ್ಲಿ, ಹೋಟೆಲಿನಲ್ಲಿ ತಡೆದಿಟ್ಟದ್ದೆಲ್ಲ ಒಡೆದುಬಂತು. ಅವಳು ಅಮ್ಮನ ಹೆಗಲಿಗೆ ಮುಖ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತಳು. ಐಸ್‌ಕ್ರೀಮ್ ಮಾರುವವನು ಸೈಕಲ್ಲಿನ ಗಂಟೆ ಬಾರಿಸುವುದನ್ನು ನಿಲ್ಲಿಸಿ ಸ್ವಲ್ಪ ಆಚೆಗೆ ಹೋದ. ಶಂಕರಿಯೂ ಅತ್ತಳು. ದೂರದಲ್ಲಿ ತಿರುಮಲೇಶ್ವರ ಮೊಮ್ಮಗನ ಕೈ ಹಿಡಿದು ನಿಂತಲ್ಲೇ ನಿಂತಿದ್ದ, ಹತ್ತಿರ ಬರಲು ಧೈರ್ಯ ಸಾಲದೆ.

"ಅವರನ್ನು ಕರಿ" ಎಂದಳು ಶಂಕರಿ ಕೊನೆಗೆ, ಮೂಗೊರೆಸಿಕೊಂಡು. "ಪಾಪ, ಅಲ್ಲಿ ನಿಂತು ಎಷ್ಟು ಹೊತ್ತು ಕಡಲು ನೋಡಿಯಾರು? ಮತ್ತೆ ನಾಳೆ ದೇವಸ್ಥಾನ ಬೇಡ. ದೇವರು ಅಲ್ಲೇ ಇರ್ತಾನೆ. ನಾಳೆ ನನಗೆ ನಿನ್ನನ್ನು ಒಂದು ಕಡೆ ಕರ್ಕೊಂಡು ಹೋಗ್ಲಿಕ್ಕುಂಟು."

ಭಾನುವಾರ ಬೆಳಿಗ್ಗೆ ಚಿನ್ಮಯನಿಗೆ ಸಣ್ಣ ಕೆಮ್ಮು. ಅನನ್ಯ ಹಣೆ ಮುಟ್ಟಿ ನೋಡಿ, ಮತ್ತೊಮ್ಮೆ ಮುಟ್ಟಿ ನೋಡಿ, ಅಪ್ಪನ ಬಳಿ ಬಿಟ್ಟಳು. ತಾಯಿ ಮಗಳು ಆಟೋ ಹತ್ತಿದರು. ಮೆಡಿಕಲ್ ಕಾಲೇಜಿನ ರಸ್ತೆಗೆ ತಿರುಗಿದಾಗಲೇ ಅನನ್ಯಳಿಗೆ ಅರ್ಥವಾದದ್ದು. ಈ ಊರಿನಲ್ಲೇ ಹುಟ್ಟಿ ಬೆಳೆದರೂ ಆ ದೊಡ್ಡ ಆಸ್ಪತ್ರೆಯ ಗೇಟಿನೊಳಗೆ ಅವಳು ಒಮ್ಮೆಯೂ ಕಾಲಿಟ್ಟಿರಲಿಲ್ಲ. ಮಕ್ಕಳು ಅಲ್ಲಿಗೆ ಬರಬಾರದೆಂದು ಶಂಕರಿ ತಡೆದಿದ್ದಳು. ದೊಡ್ಡವಳಾದ ಮೇಲೆ ಅವಳೇ ಹೆದರಿ ಆ ಕಡೆ ಸುಳಿದಿರಲಿಲ್ಲ.

"ನಾಳೆಯಿಂದ ಸಾಲಿನಲ್ಲಿ ನಿಲ್ಲುವವಳು ನೀನು" ಎಂದಳು ಶಂಕರಿ. "ನಾನು ಚೀಟಿ ಹಿಡ್ಕೊಂಡು ಕೂರುವವಳು. ನಿನಗೆ ಗೊತ್ತಿರ್ಬೇಕಲ್ಲ. ಬರ್ಕೋ."

ರಜಾದಿನವಾದ್ದರಿಂದ ಗೇಟಿನ ಒಂದು ಪಾಲು ಮಾತ್ರ ತೆರೆದಿತ್ತು. ಸೆಕ್ಯೂರಿಟಿಯವನು ಶಂಕರಿಯನ್ನು ಕಂಡು ಕುರ್ಚಿಯಿಂದ ಎದ್ದ. ನರೆತ ಮೀಸೆ, ಬಹಳ ವರ್ಷದ ಪರಿಚಯವಿದ್ದಂತಿತ್ತು.

"ಚೇಚೀ! ಞಾಯರಾಳ್ಚಯೋ?" ಎಂದ. ಭಾನುವಾರವೂ ಬಂದಿರಾ ಎಂದು ಅಕ್ಕನನ್ನು ಕೇಳುವಂತೆ. ಆಮೇಲೆ ಅವಳ ಹಿಂದೆ ಯಾರಿದ್ದಾರೆಂದು ನೋಡಿದ. ಯಾವಾಗಲೂ ಅವಳ ಹಿಂದೆ ಯಾರೋ ಒಬ್ಬ ರೋಗಿ ಇರುವುದು ರೂಢಿ. ಅವನ ಕಣ್ಣು ಅನನ್ಯಳ ಮೇಲೆ ನಿಂತು ಮೆತ್ತಗಾಯಿತು. ತಗ್ಗಿದ ದನಿಯಲ್ಲಿ, "ಇತ್ತವಣ ಆರಾ?" ಎಂದು ಕೇಳಿದ. ಈ ಸಲ ಯಾರು?

"ಇತ್ತವಣ ಞಾನ್ ತನ್ನೆ" ಎಂದಳು ಶಂಕರಿ. ಈ ಸಲ ನಾನೇ.

ರಜಾದಿನವೆಂದು ಅವನು ತಮ್ಮನ್ನು ತಡೆಯುವನೋ ಎಂದು ಅನನ್ಯ ಹೆದರಿದಳು. ಅವನು ಬಿಸಿಲಿಗೆಂದು ಬಿಚ್ಚಿಟ್ಟಿದ್ದ ತನ್ನ ಕೊಡೆಯನ್ನು ಮಡಚಿ ಶಂಕರಿಯ ಕೈಗೆ ಕೊಟ್ಟು, ಹೋಗಿ ಬನ್ನಿ ಎಂದು ದಾರಿ ಬಿಟ್ಟ.

ಒಳಗೆ ಕಾರಿಡಾರುಗಳು ಖಾಲಿಯಿದ್ದವು. ನೆಲ ಒರೆಸಿದ ಫಿನಾಯಿಲಿನ ವಾಸನೆ. ಶಂಕರಿ ಮೆಲ್ಲಗೆ ನಡೆಯುತ್ತ ಒಂದೊಂದಾಗಿ ತೋರಿಸಿದಳು. ಮೊದಲ ಸಲ ಬಂದವರ ಹೆಸರು ಬರೆಸುವ ಕಿಟಕಿ ಇದು, ಬೆಳಿಗ್ಗೆ ಐದೂವರೆಗೇ ಬಂದು ನಿಲ್ಲು. ಇಲ್ಲಿ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು, ಅಲ್ಲಿ ಡಾಕ್ಟರರ ಕೋಣೆಯಲ್ಲಿ ಕೇಳದ್ದನ್ನೂ ಹೇಳು. ಶುಚಿಯಾದ ಬಾತ್‌ರೂಮು ಮೂರನೆಯ ಮಹಡಿಯದ್ದು. ಗಂಜಿ ಬೇಕಾದರೆ ಹಿಂದಿನ ಗೇಟಿನ ಕ್ಯಾಂಟೀನು. ಮಗುವನ್ನು ಇಲ್ಲಿಗೆ ತರಬೇಡ. ಡಾಕ್ಟರು ಬೇಗ ಬೇಗ ಮಾತಾಡುತ್ತಾರೆ, ಅರ್ಥವಾಗದಿದ್ದರೆ ಮತ್ತೆ ಕೇಳು, ನಾಚಬೇಡ, ನಾನು ನಾಚಿದ ದಿನಗಳಲ್ಲಿ ತಪ್ಪಾದದ್ದುಂಟು. ಅನನ್ಯ ಫೋನಿನಲ್ಲಿ ಎಲ್ಲ ಬರೆದುಕೊಂಡಳು.

"ಡಾಕ್ಟರು ಹೇಳಿದ್ದನ್ನು ನನಗೆ ಹೇಳುವಾಗ ಎಂತದೂ ಬಿಡ್ಬೇಡ" ಎಂದಳು ಶಂಕರಿ. "ಒಂದು ಶಬ್ದ ಕೂಡ."

"ಬಿಡುದಿಲ್ಲ ಅಮ್ಮ."

"ನಾನು ಬಿಡ್ತಿದ್ದೆ. ಅದಕ್ಕೇ ಹೇಳಿದ್ದು."

ಕೊನೆಯಲ್ಲಿ ಸ್ಕ್ಯಾನಿಂಗಿನ ಕೋಣೆ ಬಂತು. ಬೀಗ ಹಾಕಿತ್ತು. ಎದುರಿಗೆ ಗೋಡೆಯುದ್ದಕ್ಕೂ ಕಬ್ಬಿಣದ ಬೆಂಚುಗಳು. ಜೊತೆಗೆ ಬಂದವರು ಹೊರಗೇ ಕಾಯಬೇಕು, ಗಂಟೆಗಟ್ಟಲೆ ಆಗುತ್ತದೆ, ಎಡಗಡೆಯ ಬೆಂಚಿನ ಮೇಲೆ ಮಾತ್ರ ಫ್ಯಾನು ತಿರುಗುತ್ತದೆ ಎಂದು ಶಂಕರಿ ವಿವರಿಸಿದಳು. ಆಮೇಲೆ, "ಕೂತ್ಕೊಂಡು ನೋಡು" ಎಂದಳು.

ಅನನ್ಯ ಹೋಗಿ ಎಡಗಡೆಯ ಬೆಂಚಿನಲ್ಲಿ ಕುಳಿತಳು. ಇಷ್ಟು ವರ್ಷ ಅಮ್ಮ ಕುಳಿತ ಜಾಗ. ಕಬ್ಬಿಣ ತಣ್ಣಗಿತ್ತು. ಶಂಕರಿ ಹೋಗಿ, ರೋಗಿಗಳು ಹೆಸರು ಕರೆದಾಗ ಎದ್ದು ನಿಲ್ಲುವ ಬಾಗಿಲ ಬಳಿ ನಿಂತಳು. ಆ ಕಡೆ ಅವಳು ಒಮ್ಮೆಯೂ ನಿಂತಿರಲಿಲ್ಲ. ಬೀಗವನ್ನು ನೋಡಿದಳು, ತಿರುಗಿ ಮಗಳನ್ನು ನೋಡಿದಳು.

"ಅಲ್ಲಿಂದ ನಾನು ಕಾಣ್ತೇನಾ?"

"ಕಾಣ್ತೀ ಅಮ್ಮ."

"ಸರಿಯಾಗಿ ನೋಡಿ ಹೇಳು."

ಅನನ್ಯ ಒಂದು ಬೆಂಚು ಮುಂದಕ್ಕೆ ಸರಿದಳು. "ಇಲ್ಲಿಂದ ಪೂರ್ತಿ ಕಾಣ್ತೀ. ಆದ್ರೆ ಇಲ್ಲಿ ಫ್ಯಾನಿಲ್ಲ."

"ಹಾಗಾದ್ರೆ ನಾಳೆ ಅಲ್ಲೇ ಕೂತ್ಕೋ" ಎಂದಳು ಶಂಕರಿ.